“ಫುಲ್ ಫ್ರೇಮ್ ಇದೆಯಾ?” – ಕ್ಯಾಮೆರಾ ಸೆನ್ಸರ್‌ಗಳ ನಾಳೆಯ ಬಗ್ಗೆ ಒಂದಿಷ್ಟು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸ್ಟುಡಿಯೋ ಇಟ್ಟುಕೊಂಡು, ಇಪ್ಪತ್ತೆರಡು ವರ್ಷಗಳಿಂದ ಮದುವೆ, ಗೃಹಪ್ರವೇಶ, ನಾಮಕರಣಗಳ ಫೋಟೋ ತೆಗೆದು ಸಂಸಾರ ಸಾಗಿಸುತ್ತಿರುವವನು. ನಿಮ್ಮಲ್ಲಿ ಕೆಲವರಿಗೆ ಅವನು ಪರಿಚಿತನೇ; ಆದರೆ ಅವನ ಮನೆಯ ಲೆಕ್ಕಾಚಾರದ ಮಾತು ಇಲ್ಲಿ ಬರುವುದರಿಂದ ಹೆಸರು ಬರೆಯುವುದು ಬೇಡ. ಕಾಫಿ ಕುಡಿದು ಮುಗಿಸಿದ ಮೇಲೆ ಜೇಬಿನಿಂದ ಎರಡು ಕೊಟೇಶನ್ ಕಾಗದಗಳನ್ನು ತೆಗೆದು ನನ್ನ ಮುಂದಿಟ್ಟ. ಎರಡು ಹೊಸ ಕ್ಯಾಮೆರಾ, ಅವುಗಳಿಗೆ ಬೇಕಾದ ಲೆನ್ಸ್‌ಗಳು, ಒಟ್ಟು ಆರು ಲಕ್ಷ ರೂಪಾಯಿಯ ಮೇಲೆ.

“ಸಾರ್, ಈಗ ಯಾರೇ ಮದುವೆಗೆ ಮಾತಾಡೋಕೆ ಬರಲಿ, ಮೊದಲು ಕೇಳೋದು ‘ಫುಲ್ ಫ್ರೇಮ್ ಇದೆಯಾ?’ ಅಂತ. ಇಲ್ಲ ಅಂದ್ರೆ ಎದ್ದು ಹೋಗ್ತಾರೆ. ಮನೆಯವಳ ಒಡವೆ ಸೊಸೈಟಿಯಲ್ಲಿ ಇಟ್ಟು ತಗೊಳ್ಳೋಣ ಅಂತಿದ್ದೀನಿ. ಈ ಸಣ್ಣ ಸೆನ್ಸರ್ ಇನ್ನು ಐದು ವರ್ಷ ಇರುತ್ತಾ ಇಲ್ವಾ, ನೀವೇ ಹೇಳಿ” ಎಂದ.

ನಾನು ಫೋಟೋಗ್ರಾಫರನಲ್ಲ. ವಿಜ್ಞಾನದ ಮೇಷ್ಟ್ರಾಗಿ ಎಂಟನೆಯ ತರಗತಿಯ ಮಕ್ಕಳಿಂದ ರಟ್ಟಿನ ಪೆಟ್ಟಿಗೆಯಲ್ಲಿ ಸೂಜಿರಂಧ್ರ ಕ್ಯಾಮೆರಾ ಮಾಡಿಸಿದ್ದೇ ನನ್ನ ಅರ್ಹತೆ. ಆದರೂ ಒಡವೆಯ ಮಾತು ಬಂದುದರಿಂದ ಅವನಿಗೆ ಒಂದು ವಾರದ ಗಡುವು ಕೇಳಿ, ಓದಿ, ಲೆಕ್ಕ ಹಾಕಿ ಉತ್ತರ ಹೇಳಿದೆ. ಇದೇ ಪ್ರಶ್ನೆಯನ್ನು ಹೊರದೇಶದಲ್ಲಿರುವ ನನ್ನ ತಂಗಿಯ ಮಗನೂ, ಬೆಂಗಳೂರಿನಲ್ಲಿರುವ ಇನ್ನಿಬ್ಬರು ವಿದ್ಯಾರ್ಥಿಗಳೂ ಹಿಂದೊಮ್ಮೆ ಕೇಳಿದ್ದುಂಟು. ಆದ್ದರಿಂದ ಅದನ್ನೇ ಎಲ್ಲರಿಗೂ ತಿಳಿಯುವಂತೆ ಬರೆದಿಡುತ್ತಿದ್ದೇನೆ.

ಮೊದಲು ಅಳತೆ ಎಂದರೇನು ಎಂಬುದನ್ನು ನೋಡೋಣ. ಹಿಂದೆ ಫಿಲಂ ಇದ್ದ ಜಾಗದಲ್ಲಿ ಈಗ ಸಿಲಿಕಾನ್‌ನ ಒಂದು ಬಿಲ್ಲೆ ಇದೆ, ಅದೇ ಸೆನ್ಸರ್. ಅದರ ಮೇಲೆ ಬಿದ್ದ ಬೆಳಕು ವಿದ್ಯುತ್ತಾಗಿ, ವಿದ್ಯುತ್ತು ಅಂಕಿಯಾಗಿ, ಅಂಕಿ ಚಿತ್ರವಾಗುತ್ತದೆ. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟವನ್ನೂ ಒಂದು ಕೊಳಗವನ್ನೂ ಇಟ್ಟರೆ ಕೊಳಗದಲ್ಲಿ ಹೆಚ್ಚು ನೀರು ಸೇರುವಂತೆ, ಅಗಲವಾದ ಸೆನ್ಸರ್‌ನಲ್ಲಿ ಹೆಚ್ಚು ಬೆಳಕು ಸೇರುತ್ತದೆ. ಬೆಳಕಿನ ಕಣಗಳು ಮಳೆಹನಿಗಳಂತೆಯೇ ಹೆಚ್ಚುಕಡಿಮೆಯಾಗಿ ಬೀಳುವುದರಿಂದ, ಕಡಿಮೆ ಬೆಳಕು ಸೇರಿದಲ್ಲಿ ಆ ಏರುಪೇರು ಎದ್ದು ಕಾಣುತ್ತದೆ. ಮಬ್ಬು ಬೆಳಕಿನ ಫೋಟೋಗಳಲ್ಲಿ ಕಾಣುವ ಕಾಳುಕಾಳಿಗೆ ಮುಖ್ಯ ಕಾರಣ ಇದೇ. ನಾಲ್ಕು ಪಟ್ಟು ಬೆಳಕು ಸೇರಿದರೆ ಚಿತ್ರ ಎರಡು ಪಟ್ಟು ನಯವಾಗುತ್ತದೆ. ಇದು ವರ್ಗಮೂಲದ ಲೆಕ್ಕ. ಆದ್ದರಿಂದ ದೊಡ್ಡದರಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳಲಾರೆ. ಪ್ರಯೋಜನ ಎಷ್ಟು, ಅದಕ್ಕೆ ಕೊಡುವ ಬೆಲೆ ಎಷ್ಟು ಎಂಬುದಷ್ಟೇ ಪ್ರಶ್ನೆ.

ಇಂದು ಬಳಕೆಯಲ್ಲಿರುವ ಅಳತೆಗಳು ಇವು. ಫುಲ್ ಫ್ರೇಮ್ ಎನ್ನುವುದು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಅಂದರೆ 864 ಚದರ ಮಿಲಿಮೀಟರ್. ಎಪಿಎಸ್-ಸಿ ಎನ್ನುವುದು ಹೆಚ್ಚಿನ ಕಂಪನಿಗಳಲ್ಲಿ ಸುಮಾರು 370, ಕ್ಯಾನನ್‌ನಲ್ಲಿ ಸುಮಾರು 330 ಚದರ ಮಿಲಿಮೀಟರ್. ನಮ್ಮವನ ಬಳಿ ಇರುವುದು ಈ 370ರದ್ದು. ಫೋರ್ ಥರ್ಡ್ಸ್ 225. ‘ಒಂದು ಇಂಚಿನ’ ಸೆನ್ಸರ್ 116. ಇವೆಲ್ಲಕ್ಕೂ ಮೇಲೆ 44ಕ್ಕೆ 33 ಮಿಲಿಮೀಟರಿನ ಮೀಡಿಯಂ ಫಾರ್ಮ್ಯಾಟ್, ಸುಮಾರು 1,440. ಇವುಗಳ ಹೆಸರುಗಳನ್ನು ನಂಬುವಂತಿಲ್ಲ. ‘ಒಂದು ಇಂಚು’ ಎಂಬ ಸೆನ್ಸರನ್ನು ಮೂಲೆಯಿಂದ ಮೂಲೆಗೆ ಅಳೆದರೂ 16 ಮಿಲಿಮೀಟರ್ ದಾಟುವುದಿಲ್ಲ, ಇಂಚಿಗೋ 25.4 ಮಿಲಿಮೀಟರ್. ಹಳೆಯ ಟೆಲಿವಿಷನ್ ಕ್ಯಾಮೆರಾಗಳಲ್ಲಿದ್ದ ಗಾಜಿನ ಕೊಳವೆಯ ಹೊರಸುತ್ತಿನ ವ್ಯಾಸ ಒಂದು ಇಂಚು. ಅದರೊಳಗೆ ಚಿತ್ರ ಮೂಡುತ್ತಿದ್ದ ಜಾಗ ಇಷ್ಟೇ. ಕೊಳವೆ ಹೋಯಿತು, ಹೆಸರು ಉಳಿಯಿತು. ಎಪಿಎಸ್ ಎಂಬುದೂ 1996ರಲ್ಲಿ ಬಂದ ಒಂದು ಫಿಲಂನ ಹೆಸರು. ಆ ಫಿಲಂ ತಯಾರಿಕೆ 2011ರಲ್ಲಿ ನಿಂತಿತು. ಅದರ ಹೆಸರು ಹೊತ್ತ ಸೆನ್ಸರ್ ಮಾತ್ರ ಬದುಕಿದೆ.

ನನಗೆ ಹೆಚ್ಚು ತಕರಾರಿರುವುದು ‘ಫುಲ್’ ಎಂಬ ಮಾತಿನ ಮೇಲೆ. ಒಂದನ್ನು ಪೂರ್ಣವೆಂದು ಕರೆದ ಕೂಡಲೇ ಉಳಿದವೆಲ್ಲ ಅರೆಬರೆಯಾಗುತ್ತವೆ. 36ಕ್ಕೆ 24 ಎಂಬುದು ಪ್ರಕೃತಿ ನಿಯಮವೇನೂ ಅಲ್ಲ. ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಲೈಟ್ಸ್ ಕಂಪನಿಯ ನೌಕರನಾಗಿದ್ದ ಆಸ್ಕರ್ ಬಾರ್ನಾಕ್ ಎಂಬಾತ, ಉಬ್ಬಸದ ಕಾರಣ ಭಾರದ ಕ್ಯಾಮೆರಾ ಹೊತ್ತು ನಡೆಯಲಾರದೆ, ಸಿನಿಮಾ ಫಿಲಂ ಬಳಸುವ ಒಂದು ಪುಟ್ಟ ಕ್ಯಾಮೆರಾ ಕಟ್ಟಿದ. ಸಿನಿಮಾದ ಒಂದು ಚೌಕಟ್ಟು 24ಕ್ಕೆ 18. ಅಂತಹ ಎರಡನ್ನು ಜೋಡಿಸಿದರೆ 36ಕ್ಕೆ 24. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಜನರ ಮುಂದೆ ಬಂತು. ಆಗ ಈ ಅಳತೆಗೆ ಜನ ಇಟ್ಟ ಹೆಸರು ‘ಮಿನಿಯೇಚರ್’, ಅಂದರೆ ಪುಟಾಣಿ. ಅಂದಿನ ಪುಟಾಣಿಯೇ ಇಂದಿನ ಪೂರ್ಣ!

ನಮ್ಮ ಮನೆಯಲ್ಲಿದ್ದ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಬಂಧುಗಳಲ್ಲಿ ಹಿರಿಯರಿಗೆ ನೆನಪಿರಬಹುದು. ಅದರ 120 ಫಿಲಂ ಮೇಲೆ ಬೀಳುತ್ತಿದ್ದ ಚೌಕ ಚಿತ್ರ ಸುಮಾರು 56ಕ್ಕೆ 56 ಮಿಲಿಮೀಟರ್, ಎಂದರೆ ಇಂದಿನ ಫುಲ್ ಫ್ರೇಮಿನ ಮೂರೂವರೆ ಪಟ್ಟು. ಹಾಗೆಂದು ಆ ಚಿತ್ರಗಳು ಮೂರೂವರೆ ಪಟ್ಟು ಚೆನ್ನಾಗಿದ್ದವೇ? ನನ್ನ ಮದುವೆಯ ಮರುವರ್ಷ ಬೇಲೂರಿನಲ್ಲಿ ತೆಗೆದ ಚಿತ್ರದಲ್ಲಿ ನಡುವೆ ನಿಂತ ನಮ್ಮಿಬ್ಬರ ಮುಖ ಪರವಾಗಿಲ್ಲ, ಅಂಚಿನಲ್ಲಿ ನಿಂತ ಅತ್ತಿಗೆಯ ಗುರುತೇ ಸಿಗುವುದಿಲ್ಲ. ಫಿಲಂ ಅಗಲವಾಗಿತ್ತು, ಮುಂದಿದ್ದ ಲೆನ್ಸ್ ತೀರಾ ಸರಳವಾದದ್ದಾಗಿತ್ತು. ಜಾಗ ದೊಡ್ಡದಿದ್ದರೆ ಸಾಲದು, ಅದರ ಮೇಲೆ ಬೆಳಕನ್ನು ಸರಿಯಾಗಿ ಇಳಿಸುವ ಲೆನ್ಸ್ ಬೇಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಡಿಜಿಟಲ್ ಕ್ಯಾಮೆರಾಗಳು ಸಣ್ಣ ಸೆನ್ಸರ್‌ನಿಂದ ಏಕೆ ಆರಂಭವಾದವು? ಕಾರಣ ದುಡ್ಡು. ಸೆನ್ಸರ್‌ಗಳನ್ನು ಬಿಡಿಬಿಡಿಯಾಗಿ ಮಾಡುವುದಿಲ್ಲ. ಸಿಲಿಕಾನ್‌ನ ದುಂಡು ತಟ್ಟೆಯ ಮೇಲೆ ಒಟ್ಟಿಗೆ ಮೂಡಿಸಿ ಆಮೇಲೆ ಕತ್ತರಿಸುತ್ತಾರೆ. ದುಂಡನೆಯ ತಟ್ಟೆಯಲ್ಲಿ ಹರಡಿದ ಕೊಬ್ಬರಿ ಮಿಠಾಯಿಯನ್ನು ಚೌಕವಾಗಿ ಕತ್ತರಿಸುವುದನ್ನು ನೆನೆಯಿರಿ. ತುಂಡು ದೊಡ್ಡದಾದಷ್ಟೂ ಸಿಗುವ ಸಂಖ್ಯೆ ಕಡಿಮೆ, ಅಂಚಿನಲ್ಲಿ ವ್ಯರ್ಥವಾಗುವುದು ಹೆಚ್ಚು. ಮಿಠಾಯಿಯಲ್ಲಿ ನಾಲ್ಕು ಕಡೆ ಕಲ್ಲು ಸಿಕ್ಕಿತೆನ್ನಿ; ನೂರು ತುಂಡು ಮಾಡಿದ್ದರೆ ನಾಲ್ಕು ಹೋಗುತ್ತವೆ, ಹತ್ತೇ ತುಂಡು ಮಾಡಿದ್ದರೂ ನಾಲ್ಕು ಹೋಗುತ್ತವೆ. ಸಾಲದ್ದಕ್ಕೆ, ಚಿಪ್ ಮುದ್ರಿಸುವ ಸಾಮಾನ್ಯ ಯಂತ್ರ ಒಂದು ಸಲಕ್ಕೆ ಬೆಳಗಿಸಬಲ್ಲ ಜಾಗ 33ಕ್ಕೆ 26 ಮಿಲಿಮೀಟರ್ ಮಾತ್ರ. ಫುಲ್ ಫ್ರೇಮ್ ಅದರಾಚೆಗೆ ಹೋಗುವುದರಿಂದ ಎರಡು ಭಾಗಗಳನ್ನು ಹೊಲಿದಂತೆ ಜೋಡಿಸಿ ಮುದ್ರಿಸಬೇಕಾಗುತ್ತದೆ.

ಈ ಕಾರಣದಿಂದಲೇ 1999ರ ನಿಕಾನ್ ಡಿ1 ಆಗಲಿ, ಸಾಮಾನ್ಯರ ಕೈಗೆ ಎಟುಕುವಂತೆ 2003ರಲ್ಲಿ ಬಂದ ಕ್ಯಾನನ್ 300ಡಿ ಆಗಲಿ ಎಪಿಎಸ್-ಸಿ ಅಳತೆಯವು. 2002ರಲ್ಲಿ ಕ್ಯಾನನ್ 1ಡಿಎಸ್, 2005ರಲ್ಲಿ 5ಡಿ, 2007ರಲ್ಲಿ ನಿಕಾನ್ ಡಿ3 ಬಂದಾಗ ಫುಲ್ ಫ್ರೇಮಿನ ಹಾದಿ ತೆರೆಯಿತು. 2013ರಲ್ಲಿ ಸೋನಿ ಎ7 ಬಂದ ಮೇಲೆ ಬೆಲೆ ಇನ್ನಷ್ಟು ಇಳಿಯಿತು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಹೊಸ ಮಿರರ್‌ಲೆಸ್ ಫುಲ್ ಫ್ರೇಮ್ ಕುಟುಂಬಗಳನ್ನು ಆರಂಭಿಸಿದವು. ಅಂದಿನಿಂದ “ಸಣ್ಣ ಸೆನ್ಸರ್‌ನ ಕಾಲ ಮುಗಿಯಿತು” ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರತೊಡಗಿತು. ನಮ್ಮವನ ಕಿವಿಗೆ ಬಿದ್ದದ್ದೂ ಅದೇ.

ಆದರೆ ನಿಜವಾಗಿ ಸತ್ತವು ಯಾವುವು, ಏಕೆ ಸತ್ತವು ಎಂದು ಪಟ್ಟಿ ಮಾಡಿದಾಗ ನನಗೆ ಬೇರೆಯದೇ ಸಂಗತಿ ಕಂಡಿತು. ನಿಕಾನ್ 2011ರಲ್ಲಿ ‘ನಿಕಾನ್ 1’ ಎಂಬ ಒಂದಿಂಚಿನ ಸೆನ್ಸರ್ ಕ್ಯಾಮೆರಾಗಳನ್ನು ತಂದು 2018ರಲ್ಲಿ ಕೈಬಿಟ್ಟಿತು. ಅದೇ 2011ರಲ್ಲಿ ಬಂದ ಪೆಂಟಾಕ್ಸ್ ಕ್ಯೂ ಎಂಬ ಇನ್ನೂ ಪುಟ್ಟದು ಕಣ್ಮರೆಯಾಯಿತು. ಇವು ಸಣ್ಣ ಸೆನ್ಸರ್‌ನಿಂದ ಸತ್ತವೆಂದು ಹೇಳಬಹುದು. ಆದರೆ ಸ್ಯಾಮ್‌ಸಂಗ್‌ನ ಎನ್ಎಕ್ಸ್? ಅದು ಎಪಿಎಸ್-ಸಿ, ಅದೂ ಹೋಯಿತು. ಕ್ಯಾನನ್ 2012ರಲ್ಲಿ ತಂದ ಇಒಎಸ್ ಎಂ? ಅದೂ ಎಪಿಎಸ್-ಸಿ, 2023ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಆದರೆ ಅದೇ ಕ್ಯಾನನ್ 2022ರಲ್ಲಿ ಅದೇ ಎಪಿಎಸ್-ಸಿ ಅಳತೆಯ ಆರ್7, ಆರ್10 ಎಂಬ ಹೊಸ ಕ್ಯಾಮೆರಾಗಳನ್ನು ಹೊರತಂದಿತ್ತು. ಒಂದೇ ಕಂಪನಿ, ಒಂದೇ ಅಳತೆ. ಒಂದು ಸತ್ತಿತು, ಇನ್ನೊಂದು ಹುಟ್ಟಿತು. ವ್ಯತ್ಯಾಸ ಎಲ್ಲಿದೆ?

ವ್ಯತ್ಯಾಸವಿರುವುದು ಮೌಂಟ್‌ನಲ್ಲಿ. ಮೌಂಟ್ ಎಂದರೆ ಲೆನ್ಸ್ ಬಂದು ಕಚ್ಚಿಕೊಳ್ಳುವ ಲೋಹದ ಬಳೆ. ಇಒಎಸ್ ಎಂನ ಬಳೆ ಅದಕ್ಕೆ ಮಾತ್ರ ಮೀಸಲು. ಆ ಕುಟುಂಬದಲ್ಲಿ ಫುಲ್ ಫ್ರೇಮ್ ಕ್ಯಾಮೆರಾ ಇರಲೇ ಇಲ್ಲ, ಲೆನ್ಸ್‌ಗಳೂ ಬೆರಳೆಣಿಕೆಯಷ್ಟು. ಆರ್7ರ ಬಳೆಯಾದರೋ ಕ್ಯಾನನ್‌ನ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಗಳದೇ. ಅಲ್ಲಿಗೆ ಬರುವ ಪ್ರತಿಯೊಂದು ಹೊಸ ಲೆನ್ಸ್ ಇದಕ್ಕೂ ಕೂರುತ್ತದೆ. ನಿಕಾನ್‌ನ ಝಡ್, ಸೋನಿಯ ಇ ಮೌಂಟ್‌ಗಳೂ ಹೀಗೆಯೇ ಎರಡು ಅಳತೆಗಳಿಗೂ ಒಂದೇ. ಒಂಟಿ ಮನೆ ಕಟ್ಟಿಕೊಂಡವು ಅಳಿದವು. ದೊಡ್ಡ ಮನೆಯಲ್ಲಿ ಪಾಲು ಪಡೆದವು ಉಳಿದವು. ಒಂಟಿಯಾಗಿದ್ದೂ ಉಳಿದಿರುವುದು ಎರಡೇ ಬಗೆ. ಒಂದು ಫ್ಯೂಜಿಫಿಲ್ಮ್. 2012ರಿಂದ ಎಪಿಎಸ್-ಸಿಗೆ ಮನಸ್ಸಿಟ್ಟು ಲೆನ್ಸ್‌ಗಳ ಪೂರ್ತಿ ಸಾಲನ್ನೇ ಕಟ್ಟಿದ ಕಂಪನಿ ಅದು. ಇನ್ನೊಂದು ಮೈಕ್ರೋ ಫೋರ್ ಥರ್ಡ್ಸ್. ಒಲಿಂಪಸ್, ಪ್ಯಾನಸಾನಿಕ್ ಎರಡೂ 2008ರಲ್ಲಿ ಸೇರಿ ಆರಂಭಿಸಿದ್ದರಿಂದ ಒಬ್ಬರ ಲೆನ್ಸ್ ಇನ್ನೊಬ್ಬರ ಕ್ಯಾಮೆರಾಕ್ಕೆ ಹೊಂದುತ್ತದೆ. ಒಲಿಂಪಸ್ ಕಂಪನಿ ತನ್ನ ಕ್ಯಾಮೆರಾ ವ್ಯವಹಾರವನ್ನೇ ಮಾರಿ, 2021ರಲ್ಲಿ ಅದು ಒಎಂ ಡಿಜಿಟಲ್ ಎಂಬ ಬೇರೆ ಕಂಪನಿಯಾದರೂ ಆ ಅಳತೆ ಸಾಯಲಿಲ್ಲ. 2025ರಲ್ಲಿಯೂ ಹೊಸ ಕ್ಯಾಮೆರಾ ಬಂದಿದೆ.

ಆದ್ದರಿಂದ ನನ್ನ ಅಭಿಪ್ರಾಯ ಇದು: ಸೆನ್ಸರ್‌ನ ಅಳತೆ ತಾನಾಗಿ ಸಾಯುವುದಿಲ್ಲ, ಲೆನ್ಸ್‌ಗಳ ಸಂಸಾರ ಸತ್ತಾಗ ಸಾಯುತ್ತದೆ. ನಾಳೆ ಯಾವುದು ಉಳಿದೀತು ಎಂದು ತಿಳಿಯಬೇಕಾದರೆ ಸೆನ್ಸರನ್ನು ಅಳೆಯಬೇಡಿ, ಅದರ ಮುಂದಿನ ಬಳೆಗೆ ಎಷ್ಟು ಲೆನ್ಸ್‌ಗಳು ಬರುತ್ತಿವೆ ಎಂದು ನೋಡಿ.

ಈ ಮಾತಿಗೆ ಒಂದು ಅಪವಾದವಿದೆ, ಅದು ಮೊಬೈಲ್. ಲೆನ್ಸ್ ಬದಲಿಸಲಾಗದ ಚಿಕ್ಕ ಕ್ಯಾಮೆರಾಗಳನ್ನು ಅದು ಹೆಚ್ಚುಕಡಿಮೆ ನುಂಗಿಯೇ ಬಿಟ್ಟಿತು. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಪಾ ಕೊಡುವ ಲೆಕ್ಕದಂತೆ 2010ರಲ್ಲಿ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು; 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಮೊಬೈಲಿನ ಸೆನ್ಸರ್ ಚಿಕ್ಕದಾದರೂ ಅದು ಒಂದರ ಹಿಂದೊಂದು ಹಲವು ಚಿತ್ರ ತೆಗೆದು, ಕೂಡಿಸಿ, ಏರುಪೇರನ್ನು ಸರಾಸರಿ ಮಾಡಿ ಒಂದು ಚಿತ್ರ ಕೊಡುತ್ತದೆ. ಲೋಟವನ್ನೇ ಹತ್ತು ಸಲ ಮಳೆಗೆ ಹಿಡಿದಂತೆ. 2022ರಲ್ಲಿ ಶಓಮಿ ಕಂಪನಿ ಒಂದಿಂಚಿನ ಸೆನ್ಸರನ್ನೇ ಮೊಬೈಲಿನೊಳಗೆ ಕೂರಿಸಿತು. ಅದಕ್ಕಿಂತ ಬಹಳ ದೊಡ್ಡದನ್ನು ಕೂರಿಸುವುದು ಕಷ್ಟ. ಸೆನ್ಸರ್ ಅಗಲವಾದಷ್ಟೂ ಲೆನ್ಸ್ ಅದರಿಂದ ದೂರ ನಿಲ್ಲಬೇಕು, ಮೊಬೈಲ್ ದಪ್ಪವಾಗಬೇಕು. ಜೇಬಿನ ಆಳವೇ ಅದರ ಎಲ್ಲೆ.

ಸಣ್ಣ ಸೆನ್ಸರ್ ಎಂದು ಮೂಗು ಮುರಿಯುವವರು ಇನ್ನೊಂದು ವಿಷಯ ಗಮನಿಸಬೇಕು. ಸೆನ್ಸರ್‌ನ ತಂತಿಗಳನ್ನು ಹಿಂದಕ್ಕೆ ಸರಿಸಿ ಬೆಳಕಿಗೆ ದಾರಿ ಬಿಡಿಸುವ ವಿಧಾನವನ್ನು ಸೋನಿ 2009ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಪುಟ್ಟ ಸೆನ್ಸರ್‌ಗಳಲ್ಲಿ. ಅದು ಫುಲ್ ಫ್ರೇಮಿಗೆ ಬಂದದ್ದು 2015ರಲ್ಲಿ. ಬತ್ತದ ಸಸಿ ಮಡಿಯಲ್ಲಿ ಬೆಳೆದು ಆಮೇಲೆ ಗದ್ದೆಗೆ ಹೋಗುವ ಹಾಗೆ, ಹೊಸ ವಿದ್ಯೆಗಳು ಚಿಕ್ಕದರಲ್ಲಿ ಪಳಗಿ ದೊಡ್ಡದಕ್ಕೆ ಹೋಗುತ್ತವೆ.

ಈಗ ಒಂದೊಂದರ ಭವಿಷ್ಯ. ಫುಲ್ ಫ್ರೇಮ್ ಹೆದ್ದಾರಿಯಾಗಿ ಉಳಿಯುತ್ತದೆ. ಕಂಪನಿಗಳ ಹಣವೂ ಗಮನವೂ ಅಲ್ಲಿದೆ. ಎಪಿಎಸ್-ಸಿ ಅದೇ ಮೌಂಟ್‌ನ ನೆರಳಿನಲ್ಲಿ, ಹಗುರ ಬೇಕಾದವರಿಗೂ ಹೊಸದಾಗಿ ಕಲಿಯುವವರಿಗೂ ಬಹುಕಾಲ ಇರುತ್ತದೆ. ಫೋರ್ ಥರ್ಡ್ಸ್ ದೊಡ್ಡದಾಗಿ ಬೆಳೆಯಲಾರದು, ಆದರೆ ದೂರದ ಹಕ್ಕಿಯ ಬೆನ್ನು ಹತ್ತುವವರ ಕೈಯಲ್ಲಿ ಬಾಳುತ್ತದೆ. ಅದರಲ್ಲಿ 300 ಮಿಲಿಮೀಟರ್ ಲೆನ್ಸ್, ಫುಲ್ ಫ್ರೇಮಿನಲ್ಲಿ 600 ಮಿಲಿಮೀಟರ್ ತೋರಿಸುವಷ್ಟೇ ದೃಶ್ಯವನ್ನು ತೋರಿಸುತ್ತದೆ. ರಂಗನತಿಟ್ಟಿನಲ್ಲಿ ದೋಣಿಯ ಮೇಲೆ ಕುಳಿತು ದೊಡ್ಡ ಲೆನ್ಸ್ ಎತ್ತಲಾಗದೆ ಒದ್ದಾಡುವ ನನ್ನ ವಯಸ್ಸಿನವರನ್ನು ನೋಡಿದ್ದೇನೆ. ಅವರಿಗೆ ಭಾರ ಇಳಿಯುವುದೇ ದೊಡ್ಡ ಲಾಭ. ಇನ್ನು ಮೀಡಿಯಂ ಫಾರ್ಮ್ಯಾಟ್. ಫ್ಯೂಜಿಫಿಲ್ಮ್‌ನ 10 ಕೋಟಿ ಪಿಕ್ಸೆಲ್‌ಗಳ ಕ್ಯಾಮೆರಾ 2019ರಲ್ಲಿ ಸುಮಾರು 10,000 ಡಾಲರ್ ಇದ್ದದ್ದು, 2021ರಲ್ಲಿ ಅಷ್ಟೇ ಪಿಕ್ಸೆಲ್‌ಗಳ ಇನ್ನೊಂದು ಮಾದರಿಯಲ್ಲಿ ಸುಮಾರು 6,000ಕ್ಕೆ ಇಳಿಯಿತು. ಬೆಲೆ ಇನ್ನೂ ಇಳಿಯಬಹುದು. ಆಗ ಅಂಗಡಿಯವರು ಅದನ್ನು ‘ಫುಲ್‌ಗಿಂತ ಫುಲ್’ ಎಂದಾರು. ನಮ್ಮವನು ಮತ್ತೊಮ್ಮೆ ಕೊಟೇಶನ್ ಹಿಡಿದು ಬಂದಾನು. ಈ ಏಣಿಗೆ ಕೊನೆಯ ಮೆಟ್ಟಿಲಿಲ್ಲ.

ಇಷ್ಟು ಹೇಳಿದಾಗ ಅವನು ಸುಮ್ಮನೆ ಕುಳಿತಿದ್ದ. ಆಗ ನಾನು ಆ ಗ್ರೂಪ್ ಫೋಟೋ ನೆನಪು ಮಾಡಿದೆ. 1983ರ ಎಸ್ಸೆಸ್ಸೆಲ್ಸಿ ತಂಡದ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ಅಕಾಲದಲ್ಲಿ ತೀರಿಕೊಂಡ. ಅವನ ತಮ್ಮ ನನ್ನಲ್ಲಿಗೆ ಬಂದು, “ಅಣ್ಣನ ಹುಡುಗತನದ ಒಂದು ಫೋಟೋನೂ ಮನೇಲಿಲ್ಲ ಸಾರ್, ಶಾಲೆ ಗ್ರೂಪ್‌ನಲ್ಲಿ ಇರಬಹುದಾ?” ಎಂದು ಕೇಳಿದ. ನನ್ನ ಬಳಿಯಿದ್ದ ಪ್ರತಿಯಲ್ಲಿ ಹಿಂದಿನ ಸಾಲಿನ ಎಡಗಡೆಯ ಮೂರನೆಯವನು ಅವನೇ; ಆದರೆ ಗೆದ್ದಲು ಹಿಡಿದು ಮುಖದ ಅರ್ಧ ಹೋಗಿತ್ತು. ಆ ಚಿತ್ರ ತೆಗೆದದ್ದು ಊರಿನ ಹಳೆಯ ಸ್ಟುಡಿಯೋದವರು. ಕಪ್ಪು ಬಟ್ಟೆ ಹೊದ್ದು ತೆಗೆಯುವ, ಕೇರಳದ ಆಲಪ್ಪುಳದಲ್ಲಿ ತಯಾರಾದ ‘ವಾಗೀಶ್ವರಿ’ ಮರದ ಕ್ಯಾಮೆರಾ ಅವರದು. ಅದರ ಹಾಫ್ ಪ್ಲೇಟ್ ನೆಗೆಟಿವ್ ಅಗಲ ಆರೂವರೆ ಇಂಚು, ಎತ್ತರ ನಾಲ್ಕೂಮುಕ್ಕಾಲು ಇಂಚು, ಎಂದರೆ ಫುಲ್ ಫ್ರೇಮಿನ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಆ ಸ್ಟುಡಿಯೋದಲ್ಲಿ ಕೆಲಸ ಕಲಿತವನೇ ನಮ್ಮವನು. ಹಿರಿಯರು ತೀರಿದ ಮೇಲೆ ನೆಗೆಟಿವ್ ಡಬ್ಬಗಳು ಅವನ ಪಾಲಿಗೆ ಬಂದಿದ್ದವು. ಮೂರು ದಿನ ಹುಡುಕಿ ತೆಗೆದ. ಹಿಂದಿನಿಂದ ಬೆಳಕು ಹಾಯಿಸಿ, ತನ್ನ ಅದೇ ‘ಸಣ್ಣ ಸೆನ್ಸರ್’ ಕ್ಯಾಮೆರಾದಿಂದ ಆ ಮೂಲೆಯನ್ನು ಮಾತ್ರ ಹತ್ತಿರದಿಂದ ತೆಗೆದ. ಹದಿನಾರರ ಹುಡುಗನ ಮುಖ, ಅಂಗಿಯ ಕಾಲರಿನ ಹರಕು ಕೂಡ ಕಾಣುವಂತೆ ಮೇಲೆದ್ದು ಬಂತು. ತಮ್ಮನಾದವನು ಅದನ್ನು ಹಿಡಿದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

“ನೋಡು, ಅಗಲದ ಬೆಲೆ ನನಗೆ ಗೊತ್ತಿಲ್ಲವೆಂದಲ್ಲ” ಎಂದೆ. “ಆದರೆ 2005ರ ಗ್ರೂಪ್ ಫೋಟೋ ನೆನಪಿದೆಯಾ? ಯಾರೋ ಚಿಕ್ಕ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು. ಚಿತ್ರದ ಅಗಲ 1,600 ಪಿಕ್ಸೆಲ್. ಸಾಲಿಗೆ ಹದಿನೈದು ಮಕ್ಕಳು. ಒಬ್ಬೊಬ್ಬರಿಗೆ ಸುಮಾರು ನೂರು ಪಿಕ್ಸೆಲ್, ಮುಖಕ್ಕೆ ನಲವತ್ತೋ ಐವತ್ತೋ. ಅದನ್ನು ದೊಡ್ಡದು ಮಾಡಿದರೆ ಚೌಕಗಳು ಬರುತ್ತವೆಯೇ ಹೊರತು ಮುಖ ಬರುವುದಿಲ್ಲ. ನಿನ್ನ ಈಗಿನ ಕ್ಯಾಮೆರಾದಲ್ಲಿ ಅಗಲ 6,000 ಪಿಕ್ಸೆಲ್. ಒಬ್ಬೊಬ್ಬರಿಗೆ ನಾನೂರು, ಮುಖಕ್ಕೆ ನೂರೈವತ್ತಕ್ಕೂ ಮೇಲೆ. ಹಗಲು ಬೆಳಕಿನಲ್ಲಿ, ಒಳ್ಳೆಯ ಲೆನ್ಸ್‌ನಲ್ಲಿ ತೆಗೆದರೆ ಮಗುವಿನ ಗುರುತು ಉಳಿಯುವುದಕ್ಕೆ ಇಷ್ಟು ಸಾಕು.”

“ರಾತ್ರಿ ಛತ್ರದೊಳಗೆ ಸಾರ್?” ಎಂದ. ನ್ಯಾಯವಾದ ಪ್ರಶ್ನೆ. ಫುಲ್ ಫ್ರೇಮಿನ 864ನ್ನು 370ರಿಂದ ಭಾಗಿಸಿದರೆ 2.3, ಅಷ್ಟು ಪಟ್ಟು ಹೆಚ್ಚು ಬೆಳಕು. ಅವನು ಬಳಸುತ್ತಿರುವ ಝೂಮ್ ಲೆನ್ಸ್‌ನ ಬಾಯಿ ಎಫ್/2.8. ಅದರ ಬದಲು ಎಫ್/1.8ರ ಲೆನ್ಸ್ ಹಾಕಿದರೆ, 2.8ರ ವರ್ಗವನ್ನು 1.8ರ ವರ್ಗದಿಂದ ಭಾಗಿಸಿ, 2.4 ಪಟ್ಟು ಬೆಳಕು. ಆರು ಲಕ್ಷದ ಬದಲಾವಣೆ ಕೊಡುವಷ್ಟನ್ನೇ, ಝೂಮ್ ಮಾಡುವ ಅನುಕೂಲವೊಂದನ್ನು ಬಿಟ್ಟರೆ, ಕೆಲವು ಸಾವಿರದ ಒಂದು ಲೆನ್ಸ್ ಕೊಡುತ್ತದೆ. “ಫುಲ್ ಫ್ರೇಮಿಗೂ 1.8 ಹಾಕಬಹುದಲ್ಲ ಸಾರ್?” ಎಂದು ಮರುಪ್ರಶ್ನೆ ಹಾಕಿದ. ಹಾಕಬಹುದು, ಆಗ ಲಾಭ ನಿಜ. ಆದರೆ ಅಷ್ಟು ಬಾಯಿ ತೆರೆದರೆ ಸಾಲಾಗಿ ನಿಂತ ನೆಂಟರಲ್ಲಿ ಮುಂದಿನವರು ಸ್ಪಷ್ಟ, ಹಿಂದಿನವರು ಮಸುಕು. ಗುಂಪಿನ ಚಿತ್ರಕ್ಕೆ ಬಾಯಿ ಕಿರಿದು ಮಾಡಿ ಫ್ಲ್ಯಾಶ್ ಹಾಕಲೇಬೇಕು, ಅಲ್ಲಿಗೆ ಲಾಭ ಮತ್ತೆ ಕರಗಿತು.

ಅವನು ನಿಜವಾಗಿ ಹೆದರಬೇಕಾದದ್ದು ಬೇರೊಂದಕ್ಕೆ. ಅವನ ಕ್ಯಾಮೆರಾಗಳು ಒಳಗೆ ಕನ್ನಡಿಯಿರುವ ಡಿಎಸ್ಎಲ್ಆರ್‌ಗಳು. ಸಿಪಾ ಲೆಕ್ಕದಲ್ಲಿ 2020ರಲ್ಲೇ ಕನ್ನಡಿಯಿಲ್ಲದ ಮಿರರ್‌ಲೆಸ್‌ಗಳು ಅವುಗಳನ್ನು ಹಿಂದೆ ಹಾಕಿದವು. ಕ್ಯಾನನ್, ನಿಕಾನ್ ಎರಡೂ ಆ ವರ್ಷದ ನಂತರ ಹೊಸ ಡಿಎಸ್ಎಲ್ಆರ್ ಮಾದರಿ ತಂದಿಲ್ಲ. ಅಂದರೆ ಅವನ ಕೈಯಲ್ಲಿ ವಯಸ್ಸಾಗುತ್ತಿರುವುದು ಸೆನ್ಸರ್ ಅಲ್ಲ, ಮೌಂಟ್. ಅದಕ್ಕೂ ಇಂದೇ ಗಾಬರಿಯಿಲ್ಲ. ಈಗಿನ ಕ್ಯಾಮೆರಾ ಕೆಟ್ಟಾಗ ಅದೇ ಕಂಪನಿಯ ಎಪಿಎಸ್-ಸಿ ಮಿರರ್‌ಲೆಸ್ ಒಂದನ್ನು ಕೊಂಡು, ನಡುವೆ ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸ್‌ಗಳು ನಡೆಯುತ್ತವೆ. ಫುಲ್ ಫ್ರೇಮಿಗೆ ಹೋದರೆ ಹಾಗಲ್ಲ. ಸಣ್ಣ ಸೆನ್ಸರ್‌ಗೆಂದು ಮಾಡಿದ ಲೆನ್ಸ್ ಅಷ್ಟು ಅಗಲಕ್ಕೆ ಬೆಳಕು ಚೆಲ್ಲದು, ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕು. ಕೊಟೇಶನ್‌ನಲ್ಲಿ ಕ್ಯಾಮೆರಾಕ್ಕಿಂತ ಲೆನ್ಸಿನ ಮೊತ್ತವೇ ಹೆಚ್ಚಿದ್ದುದು ಇದರಿಂದ. ಇಂದು ಕೈಯಲ್ಲಿ ಸ್ವಂತ ಹಣವಿದ್ದು ಹೊಸದಾಗಿ ವೃತ್ತಿ ಆರಂಭಿಸುವವನು ಫುಲ್ ಫ್ರೇಮ್ ಕೊಂಡರೆ ನಾನು ಬೇಡ ಎನ್ನುವುದಿಲ್ಲ. ಇದ್ದದ್ದನ್ನು ಬಿಸುಟು, ಮನೆಯಾಕೆಯ ಬಳೆಯನ್ನು ಅಡವಿಟ್ಟು ಕೊಳ್ಳುವುದು ಬೇಡವೆನ್ನುತ್ತೇನೆ. ಹಟ ಹಿಡಿಯುವ ಗಿರಾಕಿ ಬಂದ ದಿನಕ್ಕೆ ಬಾಡಿಗೆಗೆ ತರಲಿ. ಉಳಿದ ಹಣದಲ್ಲಿ ಒಂದು ಒಳ್ಳೆಯ ಲೆನ್ಸ್, ಚಿತ್ರಗಳನ್ನು ಎರಡು ಕಡೆ ಕಾಪಿಡಲು ಎರಡು ಹಾರ್ಡ್ ಡಿಸ್ಕ್ ಕೊಳ್ಳಲಿ. ಆ ಹಾಫ್ ಪ್ಲೇಟ್ ನೆಗೆಟಿವ್ ಅಷ್ಟು ಅಗಲವಿದ್ದರೂ, ಡಬ್ಬದಲ್ಲಿ ಜೋಪಾನವಾಗಿ ಇಟ್ಟವರಿದ್ದುದರಿಂದ ತಾನೆ ನಮಗೆ ಸಿಕ್ಕಿದ್ದು?

ಅವನು ಎಲ್ಲವನ್ನೂ ಕೇಳಿಸಿಕೊಂಡು ಕಾಗದಗಳನ್ನು ಮಡಿಸಿ ಜೇಬಿಗಿಟ್ಟುಕೊಂಡ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ಲೆಕ್ಕ ಸರಿಯಾಗಿದೆ ಸಾರ್. ಆದರೆ ಗಿರಾಕಿಗೆ ಇದನ್ನೆಲ್ಲ ನೀವು ಬಂದು ಹೇಳ್ತೀರಾ?” ಎಂದ. ನನ್ನಲ್ಲಿ ತಕ್ಷಣಕ್ಕೆ ಉತ್ತರವಿರಲಿಲ್ಲ.

ಅದಕ್ಕಾಗಿಯೇ ಇದನ್ನು ಬರೆದೆ. ಅವನ ಗಿರಾಕಿಗಳು ಬೇರೆ ಯಾರೂ ಅಲ್ಲ. ನನ್ನಿಂದ ಪಾಠ ಹೇಳಿಸಿಕೊಂಡು, ಈಗ ಮಕ್ಕಳ ಮದುವೆ ಮಾಡುತ್ತಿರುವ ನೀವೇ. ಮುಂದಿನ ಸಲ ಫೋಟೋದವರನ್ನು ಮಾತಾಡಿಸುವಾಗ “ಫುಲ್ ಫ್ರೇಮ್ ಇದೆಯಾ?” ಎಂದು ಕೇಳಬೇಡಿ. “ರಾತ್ರಿ ಛತ್ರದಲ್ಲಿ ತೆಗೆದ ಒಂದು ಆಲ್ಬಂ ತೋರಿಸಿ” ಎಂದು ಕೇಳಿ. ಹಿಂದಿನ ಸಾಲಿನಲ್ಲಿ, ಎಡಗಡೆಯಿಂದ ಮೂರನೆಯವರ ಮುಖ ಸ್ಪಷ್ಟವಾಗಿದೆಯೇ ನೋಡಿ. ಇದ್ದರೆ ಆ ಕ್ಯಾಮೆರಾದ ಅಳತೆ ಸಾಕಷ್ಟಿದೆ ಎಂದು ತಿಳಿದು ವೀಳ್ಯ ಕೊಡಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ, ಈ ವಿದ್ಯೆಯನ್ನು ನನಗಿಂತ ಚೆನ್ನಾಗಿ ಬಲ್ಲ ವಿದ್ಯಾರ್ಥಿಗಳು ಹಿಂದೆ ತರಗತಿಯಲ್ಲಿ ಮಾಡುತ್ತಿದ್ದಂತೆ ಕೈಯೆತ್ತಿ ತಿದ್ದಲಿ, ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ.